ಅವನ ಕಾರೇ ಬೇಕು

ಲೈಸೆನ್ಸ್ ಕಚೇರಿಯ ಸಾಲಿನಲ್ಲಿ ಅಕ್ಕತಂಗಿಯರಿಬ್ಬರು ನಿಂತಿದ್ದರು. ಹಿಂದೆ ನಿಂತಿದ್ದ ಒಬ್ಬ ಟೈಲರಮ್ಮ ಕಾಲುನೋವನ್ನೂ ಮರೆತು ಮೈಯೆಲ್ಲಾ ಕಿವಿಯಾಗಿದ್ದಳು.

“ಅಕ್ಕಾ, ಹೊಸ ಕಾರನ್ನೇ ಲೀಸಿಗೆ ತಗೋ. ಬೇಡವಾದಾಗ ವಾಪಸ್ ಕೊಟ್ರಾಯ್ತು.”

“ಅದಕ್ಕೊಂದು ಗೀರು ಬಿದ್ರೂ ಕೇಳ್ತಾರೆ ಕಣೇ. ನಂಗೆ ನಿಮ್ಮ ಭಾವನ ಕಾರೇ ಬೇಕು. ಮಾರೋಕೆ ಗ್ಯಾರೇಜಲ್ಲಿ ನಿಲ್ಸಿದಾನೆ.”

“ಡೈವೋರ್ಸ್ ಆದ್ಮೇಲೆ ಇನ್ನೆಂಥಾ ಭಾವ? ನಿಂಗೆ ಅಂದ್ರೆ ಮಾರ್ತಾನಾ?”

“ನೀನು ಹೋಗಿ ಕೇಳು. ನಂಗೋಸ್ಕರ ಅಂತ ಗ್ಯಾರೇಜಿನವ್ರಿಗೆ ಏನು ಗೊತ್ತಾಗುತ್ತೆ?”

“ಹಳೇ ಡಬ್ಬ ಅದು!”

“ಡಬ್ಬಾನಾ? ದಿನಾ ಕೂಸಿಗೆ ನೀರು ಹಾಕೋ ಹಾಗೆ ತೊಳೀತಿದ್ದ. ನಾನು ಬಾಗಿಲು ಜೋರಾಗಿ ಹಾಕಿದ್ರೆ ಅವತ್ತು ಊಟ ಬಿಡ್ತಿದ್ದ. ಸ್ಟೀರಿಂಗ್ ಮುಟ್ಟಿದ್ರೆ, ‘ನಿನ್ನ ಕೈಗೆ ಸೌಟೇ ಸರಿ’ ಅಂತಿದ್ದ.”

“ನಿಂಗೆ ಓಡ್ಸೋಕೇ ಬರಲ್ವಲ್ಲೇ!”

“ಅದ್ರಲ್ಲೇ ಕಲೀತೀನಿ.”

“ಎಲ್ಲಿ?”

“ಅವನ ಮನೆ ಬೀದೀಲಿ.”

ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಕಂಬಕ್ಕೆ ಗುದ್ದಿದ್ರೆ?”

“ಗುದ್ದಲಿ. ಆಗ ಅವನು ಕಿಟಕೀಲಿ ನಿಂತಿದ್ರೆ ಸಾಕು.”

ಒಳಗಿನಿಂದ ಕಣ್ಣಿನ ಪರೀಕ್ಷೆಗೆ ಕರೆದರು. ಅಕ್ಕ ಕನ್ನಡಕ ಒರೆಸಿಕೊಂಡು ನಡೆದಳು, ಹಿಂದೆಯೇ ತಂಗಿ. ಪಾಸಾಗಲಿ ತಾಯಿ ಅಂತ ಟೈಲರಮ್ಮ ಮನಸ್ಸಿನಲ್ಲೇ ಹರಸಿದಳು.