ಎಮಿಲ್ ತಿರುಗಿ ಹೇಳಿದ ಮಾತು

ಇದು ಯಾರೋ ಹೇಳಿ ಇನ್ಯಾರೋ ಕೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗ ವರ್ಲಿನ್‌ಗೆ ಆದದ್ದು. ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು, ನನಗೇನೂ ಬೇಜಾರಿಲ್ಲ.

ಹೋದ ಅಕ್ಟೋಬರಿನಲ್ಲಿ ಚರ್ಚಿನ ಹಾಲ್‌ನಲ್ಲಿ ಊಟ ಮುಗಿಸಿ ನಾವಿಬ್ಬರೂ ನಡೆದುಕೊಂಡೇ ಮನೆಗೆ ಹೊರಟಿದ್ದೆವು. ಹನ್ನೊಂದು ದಾಟಿತ್ತು. ಮೆಕ್ಕೆಜೋಳದ ಗೋದಾಮು ಕಳೆದ ಮೇಲೆ ಓಕ್ ಮರ, ಅದರ ಬುಡದಲ್ಲಿ ಊರಿನ ಹಳೇ ಬಾವಿ. ಬಾವಿಗೆ ಕಬ್ಬಿಣದ ಮುಚ್ಚಳ. ಅದರ ಮೇಲೆ ಓಕ್ ಕಾಯಿ ಬೀಳುತ್ತಿತ್ತು. ಟಣ್... ಸ್ವಲ್ಪ ಹೊತ್ತು ಬಿಟ್ಟು, ಟಣ್. ವರ್ಲಿನ್ ನಿಂತುಬಿಟ್ಟ.

"ಡೊರೀನ್, ಒಬ್ರು ಹೇಳಿದ್ದನ್ನ ಇನ್ನೊಬ್ರು ತಿರುಗಿ ಹೇಳ್ದಂಗೆ ಇಲ್ವಾ?"

"ಬಿಯರು ಜಾಸ್ತಿ ಆಗಿದೆ ನಿಂಗೆ. ನಡಿ."

"ಎಮಿಲ್ ಹಿಂಗೇ ಮಾಡ್ತಿದ್ದ..." ಪಿಸುಗುಟ್ಟಿದ. "ತಿರುಗಿ ಹೇಳಿ, ಕಾಯ್ತಿದ್ದ."

ಎಮಿಲ್ ಹ್ರೂಬಿ ಸತ್ತು ಆಗ ಮೂರು ವರ್ಷ. ನನ್ನ ಪಕ್ಕದ ಮನೆಯ ಮಾರ್ಲಿಸಳ ಗಂಡ. ಅವನೂ ವರ್ಲಿನ್ನೂ ಒಟ್ಟಿಗೇ ನದಿ ದಂಡೆಯ ಅಣುಸ್ಥಾವರಕ್ಕೆ ಕೆಲಸಕ್ಕೆ ಸೇರಿದವರು. ವರ್ಲಿನ್ ಕಂಟ್ರೋಲ್ ರೂಮಿನಲ್ಲಿ ಕೂತು ಫೋನಿನಲ್ಲಿ ಹೇಳುವವನು, ಎಮಿಲ್ ಕೆಳಗೆ ಡೀಸೆಲ್ ಎಂಜಿನ್ ಕೋಣೆಯಲ್ಲಿ ನಿಂತು ಮಾಡುವವನು. ಅಲ್ಲೊಂದು ಕಟ್ಟುನಿಟ್ಟು ಉಂಟು. ಹೇಳಿದ್ದನ್ನು ಕೇಳಿದವನು ಹಾಗೆಯೇ ತಿರುಗಿ ಹೇಳಬೇಕು. ಹೇಳಿದವನು ಅದನ್ನು ಕೇಳಿಸಿಕೊಂಡು 'ಸರಿ' ಅನ್ನಬೇಕು. 'ಸರಿ' ಬರುವ ತನಕ ಏನನ್ನೂ ಮುಟ್ಟುವಂತಿಲ್ಲ. ಎಮಿಲ್ ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಅವನದು ಒಂದೇ ಕೆಟ್ಟ ಅಭ್ಯಾಸ. ಎಡಚನಾದ್ದರಿಂದಲೋ ಏನೋ, ಗೋಡೆಯ ಫೋನಿನ ರಿಸೀವರನ್ನು ತಲೆಕೆಳಗಾಗಿ ಸಿಕ್ಕಿಸಿ ಬರುತ್ತಿದ್ದ. ಬೈದರೂ ಬಿಡಲಿಲ್ಲ.

ಹೊರಗಿನ ಕರೆಂಟು ಹೋದರೆ ಸ್ಥಾವರವನ್ನು ಕಾಯುವುದು ಆ ಡೀಸೆಲ್ ಎಂಜಿನ್ನುಗಳೇ. ಅವು ಶುರುವಾಗಲು ಒತ್ತಿ ತುಂಬಿದ ಗಾಳಿ ಬೇಕು. ಅದಕ್ಕೆ ಎರಡು ಟ್ಯಾಂಕು, ಉತ್ತರದ್ದೊಂದು, ದಕ್ಷಿಣದ್ದೊಂದು. ಒಂದು ದಿನ ಉತ್ತರದ್ದು ರಿಪೇರಿಗೆ ಬಂತು. ಅದರ ವಾಲ್ವ್ ಮುಚ್ಚಿಸಬೇಕಿತ್ತು. ವರ್ಲಿನ್ ಬಾಯಿತಪ್ಪಿ ದಕ್ಷಿಣದ್ದು ಅಂದ. ಎಮಿಲ್ "ದಕ್ಷಿಣದ್ದು ಮುಚ್ಚಬೇಕು" ಅಂತ ತಿರುಗಿ ಹೇಳಿ ಕಾದ. ವರ್ಲಿನ್‌ನ ಬಾಯಲ್ಲಿ ಕೊಲಾಚಿ ಬನ್ನು, ಗಮನ ಇನ್ನೆಲ್ಲೋ. "ಸರಿ" ಅಂದುಬಿಟ್ಟ. ಉತ್ತರದ್ದನ್ನು ರಿಪೇರಿಗೆಂದು ಖಾಲಿ ಮಾಡಿದ್ದರು, ದಕ್ಷಿಣದ್ದು ಮುಚ್ಚಿತ್ತು. ಮರುದಿನ ಪರೀಕ್ಷೆಗೆಂದು ಗುಂಡಿ ಒತ್ತಿದರೆ ಎಂಜಿನ್ನಿಗೆ ಗಾಳಿಯೇ ಇಲ್ಲ.

ವಿಚಾರಣೆಯಲ್ಲಿ ವರ್ಲಿನ್, "ನಾನು ಉತ್ತರದ್ದು ಅಂತಲೇ ಹೇಳಿದ್ದು, ಅವನಿಗೇ ಸರಿಯಾಗಿ ಕೇಳಿಸಿಲ್ಲ" ಅಂದ. ಆ ಫೋನಿನ ಮಾತು ಎಲ್ಲೂ ರೆಕಾರ್ಡ್ ಆಗುತ್ತಿರಲಿಲ್ಲ. ಎಮಿಲ್‌ನ ಕೆಲಸ ಹೋಯಿತು. ಕಿವುಡ ಅನ್ನುವ ಹೆಸರು ಬಂತು. ಆ ಚಳಿಗಾಲ ಮನೆ ಮುಂದಿನ ಹಿಮ ಬಾಚುತ್ತಾ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಾರ್ಲಿಸ್ ಈಗ ಶನಿವಾರ ಗ್ಯಾರೇಜಿನ ಬಾಗಿಲು ತೆಗೆದು ಕೊಲಾಚಿ ಮಾರುತ್ತಾಳೆ. ನಿಜ ಏನಂತ ವರ್ಲಿನ್ ನನಗೆ ಹೇಳಿದ್ದು ಆ ರಾತ್ರಿ, ಆ ಬಾವಿಯ ಹತ್ತಿರ.

"ಈಗ್ಯಾಕೆ ಹೇಳ್ತಿದೀಯ ಇದನ್ನ?"

"ಆಗಸ್ಟಿನ ಬಿರುಗಾಳಿ ನೆನಪಿದ್ಯಲ್ಲ..."

ಮರೆಯುವಂಥದ್ದೇ ಅದು? ಪಕ್ಕದ ಡಕೋಟಾ ರಾಜ್ಯದ ಕಡೆಯಿಂದ ಬಂದಿತ್ತು. ಮಟಮಟ ಮಧ್ಯಾಹ್ನ ಆಕಾಶ ಹಸಿರಾಯಿತು. ಸ್ಥಾವರಕ್ಕೆ ಬರುವ ಕರೆಂಟಿನ ತಂತಿ ಒಂದೂ ಉಳಿಯಲಿಲ್ಲ. ರಿಯಾಕ್ಟರ್ ತಾನೇ ನಿಂತಿತು. ದಡ್... ಅಂತ ನೆಲದೊಳಗೆ ಒಂದು ಸದ್ದು. ಇಪ್ಪತ್ತು ವರ್ಷದಿಂದ ವರ್ಲಿನ್‌ನ ಕಿವಿಯಲ್ಲಿದ್ದ ಗುಂಯ್‌ಗುಡುವಿಕೆ ಇಳಿಯುತ್ತಾ... ಇಳಿಯುತ್ತಾ... ಇಲ್ಲವಾಯಿತು. ಬ್ಯಾಟರಿಯ ಮಂದ ದೀಪ ಹತ್ತಿತು. ಹತ್ತು ಸೆಕೆಂಡಿನಲ್ಲಿ ಎಂಜಿನ್ ಶುರುವಾಗಬೇಕು. ಇದ್ದ ಎರಡರಲ್ಲಿ ಒಂದನ್ನು ರಿಪೇರಿಗೆ ಬಿಚ್ಚಿ ಹಾಕಿದ್ದರು. ಇನ್ನೊಂದು ಉಸ್ಸ್... ಅಂತು. ಗಡ್... ಅಂತು. ಸುಮ್ಮನಾಯಿತು.

ಒಲೆ ಆರಿಸಿದರೂ ಕೆಂಡ ಇರುತ್ತದಲ್ಲ. ಆ ಕೆಂಡದ ಮೇಲೆ ನೀರು ಹರಿಯುತ್ತಲೇ ಇರಬೇಕು. ಪಂಪಿಗೆ ಕರೆಂಟಿಲ್ಲದಿದ್ದರೆ ಕೆಲವು ಗಂಟೆಗಳಲ್ಲಿ ನಮ್ಮ ಊರು ಬಿಟ್ಟು ಓಡಬೇಕಾಗುತ್ತದೆ, ಆಮೇಲೆ ಬರುವಂತೆಯೂ ಇಲ್ಲ.

ಉತ್ತರದ ಟ್ಯಾಂಕಿನ ಗಾಳಿ ಸೋರಿ ಹೋಗಿತ್ತು. ದಕ್ಷಿಣದ್ದನ್ನು ಯಾರಾದರೂ ಕೈಯಲ್ಲೇ ತೆರೆಯಬೇಕಿತ್ತು. ಎಮಿಲ್‌ನ ಜಾಗಕ್ಕೆ ಬಂದಿದ್ದ ರೊಂಡಾ ಟಾರ್ಚ್ ಹಿಡಿದು ಓಡಿದಳು. ವರ್ಲಿನ್ ಎಂಜಿನ್ ಕೋಣೆಗೆ ಫೋನ್ ಹಚ್ಚಿದ. ಮೂರನೇ ರಿಂಗಿಗೆ ಕ್ಲಿಕ್ ಅಂತು.

"ರೊಂಡಾ? ಉತ್ತರದ ವಾಲ್ವ್ ತೆರಿ."

ಗಾಬರಿಯಲ್ಲಿ ಅದೇ ಬಾಯಿತಪ್ಪು.

"ಉತ್ತರದ ವಾಲ್ವ್ ತೆರೀಬೇಕು," ಅಂತು ಆ ಕಡೆಯ ದನಿ. ಗಂಡಸಿನ ದನಿ. ನಿಧಾನ. ಹೇಳಿ ಸುಮ್ಮನಾಯಿತು... ಕಾಯುತ್ತಿತ್ತು.

"ನಂಗೆ ಗುರುತು ಸಿಕ್ತು, ಡೊರೀನ್. ಈ ಸಲ ಅವನು ಹೇಳಿದ್ದನ್ನ ಕಿವಿಗೊಟ್ಟು ಕೇಳಿದೆ."

"ಅಲ್ಲ..." ಅಂದನಂತೆ. "ದಕ್ಷಿಣದ್ದು. ತಪ್ಪು ಹೇಳಿದ್ದು ನಾನು."

"ದಕ್ಷಿಣದ್ದು ತೆರೀಬೇಕು," ಅಂತು ದನಿ. "ತಪ್ಪು ಹೇಳಿದ್ದು ನೀನು."

ಮತ್ತೆ ಕಾಯುತ್ತಿತ್ತು. ಬೆನ್ನ ಹಿಂದೆ ಮೇಲಧಿಕಾರಿ, "ಏನಾಯ್ತೋ, ಬೇಗ" ಅಂತಿದ್ದಾನೆ. ಗೋಡೆ ಗಡಿಯಾರ ಟಿಕ್... ಟಿಕ್... ಫೋನಿನಲ್ಲಿ ಉಸಿರೂ ಇಲ್ಲ. 'ಸರಿ' ಅನ್ನದೆ ಅದು ವಾಲ್ವ್ ಮುಟ್ಟುವುದಿಲ್ಲ ಅಂತ ವರ್ಲಿನ್‌ಗೆ ಗೊತ್ತಾಯಿತು.

"ಸರಿ," ಅಂದ.

ಕಿರ್ರ್... ಅಂತ ವಾಲ್ವ್ ತಿರುಗಿತು. ಉಸ್ಸ್ ಅಂತ ಗಾಳಿ. ಆಮೇಲೆ ಗುಡುಗುಡು ಅಂತ ಕಾಲಡಿ ನೆಲ ಅದುರಿತು. ದೀಪ ಬಂತು.

ಅಷ್ಟರಲ್ಲಿ ವಾಕಿಟಾಕಿಯಲ್ಲಿ ರೊಂಡಾ. "ವರ್ಲಿನ್, ನಾನಿನ್ನೂ ಮೆಟ್ಟಿಲ ಮೇಲೇ ಇದೀನಿ ಕಣೋ. ಬಾಗ್ಲಿಗೆ ಚಾವಣಿ ತಗಡು ಅಡ್ಡ ಬಿದ್ದಿದೆ, ಸರೀತಿಲ್ಲ. ಎಂಜಿನ್ ಯಾರು ಶುರು ಮಾಡಿದ್ದು?"

ತಗಡು ಸರಿಸಿ ಒಳಗೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ. ವಾಲ್ವ್ ತೆರೆದಿತ್ತು. ರಿಸೀವರ್ ತಲೆಕೆಳಗಾಗಿ ಸಿಕ್ಕಿಸಿತ್ತು. ರೊಂಡಾಳನ್ನು ನಾನೇ ಕೇಳಿದ್ದೇನೆ. ಹೌದು ಅಂದಳು, ಮಾತು ಬದಲಿಸಿದಳು.

ಕಂಪನಿಯವರು ವರ್ಲಿನ್‌ಗೆ ಫಲಕ ಕೊಟ್ಟರು. ಸಮಯಪ್ರಜ್ಞೆಗಂತೆ. ಪೇಪರಿನಲ್ಲಿ ಫೋಟೋ ಬಂತು, ನಗುತ್ತಿದ್ದ.

"ಮಾರ್ಲಿಸ್‌ಗೆ ಹೇಳಿದ್ಯಾ?" ಅಂತ ಕೇಳಿದೆ.

"ಅವನಿಗೇ ಸರಿ ಅಂದೆನಲ್ಲ. ಸಾಕು ಅವನಿಗೆ. ನಂಗಿನ್ನು ಎರಡೇ ವರ್ಷ ಸರ್ವೀಸು. ಯಾರಿಗೂ ಹೇಳ್ಬೇಡ."

ಸಾಕಂತೆ ಅವನಿಗೆ. ಹಿಡಿದು ಬಾವಿಗೆ ನೂಕಬೇಕು ಅನ್ನಿಸಿತು. ಮುಚ್ಚಳ ಇತ್ತು, ಬಚಾವಾದ. ಆದರೂ ಒಡಹುಟ್ಟಿದವನ ಹಾಗೆ ಬೆಳೆದವನಲ್ಲವಾ... ಹೇಳಲ್ಲ ಅಂದೆ.

ಕಳೆದ ಶನಿವಾರ ಮಾರ್ಲಿಸಳ ಗ್ಯಾರೇಜಿಗೆ ಹೋಗಿದ್ದೆ. ಗಸಗಸೆಯ ಕೊಲಾಚಿ ಒಂದು ಜಾಸ್ತಿ ಹಾಕಿದಳು. "ಎಮಿಲ್‌ಗೆ ಇದೇ ಇಷ್ಟ ಇತ್ತು," ಅಂದಳು. ಪೊಟ್ಟಣಕ್ಕೆ ದಾರ ಕಟ್ಟುತ್ತಾ, "ಅವನ ಕಿವಿ ಚೆನ್ನಾಗೇ ಇತ್ತು, ಡೊರೀನ್. ನಾನು ಮೆಲ್ಲಗೆ ಬೈದ್ರೂ ಕೇಳಿಸ್ತಿತ್ತು. ಅಲ್ವಾ?" ಅಂದಳು. ಅಂದು, ನನ್ನ ಮುಖ ನೋಡುತ್ತಾ ನಿಂತಳು. ನಾಚಿಕೆಗೆಟ್ಟವಳು ನಾನು, ಪೊಟ್ಟಣ ತೆಗೆದುಕೊಂಡು ಬಂದೆ.

ನಾನು ಬಲಗೈಯವಳು. ಈ ಮನೆಯಲ್ಲಿ ಒಬ್ಬಳೇ ಇರುವುದು. ಅವತ್ತು ಸಂಜೆ ಅಡುಗೆಮನೆಯ ಗೋಡೆ ಫೋನಿನ ರಿಸೀವರ್ ತಲೆಕೆಳಗಾಗಿತ್ತು. ನೆಟ್ಟಗೆ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದರೆ ಮತ್ತೆ ಹಾಗೇ ಇತ್ತು. ದೇವರಾಣೆ ಸುಳ್ಳಲ್ಲ. ಈಗಲೂ ಹಾಗೇ ಇದೆ, ಬೇಕಾದರೆ ಎದ್ದು ಹೋಗಿ ನೋಡಿ.