ಎಡಗಡೆಯ ಮುಂದಿನ ಟೈರು

ಮಕ್ಕಳು ಮಲಗಿದ್ದಾರಾ ನೋಡಿ ಮೊದಲು. ಮಲಗಿದ್ದರೆ ಹತ್ತಿರ ಬನ್ನಿ. ಇದು ಪಕ್ಕದ ಮನೆಯ ಯೋಗೀಶನಿಗೆ ಆದದ್ದು. ಬಸ್ಸಿನಲ್ಲಿ ಯಾರೋ ಯಾರಿಗೋ ಹೇಳಿದ ಗಾಳಿಮಾತಲ್ಲ.

ಯೋಗೀಶನದು ಬಾಡಿಗೆ ಕಾರು. ಹಿರಿಯಡ್ಕ ಪೇಟೆಯಲ್ಲಿ ನಿಲ್ಲಿಸುತ್ತಾನೆ. ಆ ರಾತ್ರಿ ಯಾರನ್ನೋ ಉಡುಪಿಯ ರೈಲಿಗೆ ಬಿಟ್ಟು ಒಬ್ಬನೇ ಮನೆಗೆ ಬರುತ್ತಿದ್ದ. ಪೆರ್ಡೂರು ಕಡೆಯ ರಸ್ತೆಯಲ್ಲಿ ಒಂದು ಹಳೆಯ ಬಾವಿ ಉಂಟು, ಕೆಂಪು ಕಲ್ಲಿನ ಕಟ್ಟೆಯದ್ದು. ಅದರ ತಿರುವಿಗೆ ಬಂದಾಗ... ಢಬ್! ಸ್ಟೇರಿಂಗ್ ಎಡಕ್ಕೆ ಎಳೆಯಿತು. ಇಳಿದು ನೋಡಿದ. ಎಡಗಡೆಯ ಮುಂದಿನ ಟೈರು ಒಡೆದಿತ್ತು.

ಮತ್ತೆ ಅದೇ ಟೈರು.

ಡಿಕ್ಕಿಯಲ್ಲಿ ಸ್ಟೆಪ್ನಿ ಇರಲಿಲ್ಲ. ಈಗ ಒಡೆದದ್ದೇ ಅದು. ಮನೆ ದೂರವಿಲ್ಲ. ಕಾರಿಗೆ ಬೀಗ ಹಾಕಿ, ಮೊಬೈಲಿನ ಬೆಳಕು ಹಿಡಿದು ನಡೆದ. ಬಾವಿಯ ರಾಟೆ ಗಾಳಿಗೆ ಕಿರ್... ಎಂದಿತು. ನಿಂತಿತು. ಬಾವಿ ದಾಟಿದ. ಆಗ ಹಿಂದಿನಿಂದ...

ಟಕ್.

ಯೋಗೀಶ ನಿಂತ.

ಟಕ್... ಟಕ್.

ಕೊಂಬೆ ಮುರಿದ ಸದ್ದಲ್ಲ. ಬಿಸಿ ಇಂಜಿನ್ ತಣಿಯುವ ಸದ್ದೂ ಅಲ್ಲ. ಕಾರಿನ ಒಳಗಿನಿಂದ ಬಾಗಿಲಿನ ಹಿಡಿಯನ್ನು ಅರ್ಧ ಎಳೆದು, ಕೈಯಲ್ಲಿ ಬಲ ಸಾಲದೆ ಬಿಟ್ಟಾಗ ಬರುವ ಸದ್ದು. ಅವನಿಗೆ ಅದು ಚೆನ್ನಾಗಿ ಗೊತ್ತು. ತಿರುಗಿ ನೋಡಲಿಲ್ಲ. ಓಡಿದ. ಹೆಂಡತಿ ಕಾವ್ಯ ಬಾಗಿಲು ತೆಗೆದಾಗ ಅವನ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

"ಎಂತ ಆಯಿತು?" ಎಂದು ಪಿಸುಗುಟ್ಟಿದಳು.

"ಟೈರು ಹೋಯಿತು."

"ಅದಕ್ಕೆ ಇಷ್ಟು ಬೆವರುವುದಾ?"

ಅವನು ಒಳಗೆ ಬಂದು ಬಾಗಿಲಿನ ಚಿಲಕ ಹಾಕಿದ.

ಅವನ ಅಮ್ಮನ ವಿಷಯ ಹೇಳದೆ ಈ ಟೈರಿನ ವಿಷಯ ಹೇಳಲಿಕ್ಕೆ ಬರುವುದಿಲ್ಲ. ರತ್ನಾವತಿಯಕ್ಕ ಕಾಪುವಿನ ಹೆಣ್ಣು. ಬುಟ್ಟಿ ಹೊತ್ತು ಮೀನು ಮಾರಿ ಮಗನನ್ನು ಸಾಕಿದವರು. ಅವರು ಮಾತಾಡಿದರೆ ಮೂರು ಮನೆಗೆ ಕೇಳುತ್ತಿತ್ತು. ಕಿಡ್ನಿ ಎರಡೂ ಕೈಕೊಟ್ಟ ಮೇಲೆ ವಾರವಾರವೂ ಮಣಿಪಾಲಕ್ಕೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಬಾಡಿಗೆ ಬಿಟ್ಟು ಯೋಗೀಶನೇ ಕರೆದುಕೊಂಡು ಹೋಗುತ್ತಿದ್ದ. ಅಮ್ಮ ಕೂರುವುದು ಮುಂದೆ, ಎಡಗಡೆ, ಬಾಗಿಲಿಗೆ ತಲೆ ಆನಿಸಿಕೊಂಡು. ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಕೈಯ ಬಲ ಹೋಗಿತ್ತು. ಅಂಗಳ ಮುಟ್ಟಿದ ಕೂಡಲೇ ಬಾಗಿಲಿನ ಹಿಡಿ ಎಳೆಯುವರು. ಟಕ್. ತೆರೆಯದು. ಮತ್ತೆ ಟಕ್. "ನಿಲ್ಲಮ್ಮ, ಬಂದೆ" ಎಂದು ಯೋಗೀಶ ಇಳಿದು, ಸುತ್ತು ಬಂದು ತೆರೆಯಬೇಕು. "ವಿಮಾನದ ಬಾಗಿಲು ಇದಕ್ಕಿಂತ ಸುಲಭ" ಎಂದು ಬೈಯುವರು. ವಿಮಾನ ಹತ್ತಿ ಇಳಿದವರ ಹಾಗೆ!

ಆ ಕಾಯಿಲೆಯವರಿಗೆ ನೀರನ್ನು ಅಳೆದು ಕೊಡಬೇಕು. ಹೆಚ್ಚಾದರೆ ಉಸಿರು ಕಟ್ಟುತ್ತದೆ. ಅದಕ್ಕೆಂದೇ ಒಂದು ಚಿಕ್ಕ ಸ್ಟೀಲ್ ಲೋಟ ಇತ್ತು. ಮಣಿಪಾಲದಿಂದ ಬರುವಾಗ ಆ ಬಾವಿಯ ತಿರುವು ಬಂತೆಂದರೆ ಅಮ್ಮನ ರಾಗ ಶುರು.

"ಮಗಾ, ಒಂದು ಗುಟುಕು. ಇದು ಸಿಹಿನೀರಿನ ಬಾವಿ."

"ಮನೆಯಲ್ಲಿ ಕೊಡ್ತೇನೆ ಅಮ್ಮ."

"ಮನೆಯಲ್ಲಿ ನಿನ್ನ ಹೆಂಡತಿ ಕೋಳಿಮರಿಗೆ ಇಟ್ಟ ಹಾಗೆ ಇಡ್ತಾಳೆ."

ಕೊನೆಯ ದಿನ ಪರ್ಕಳದಿಂದ ಯೋಗೀಶ ಮಾತಾಡುತ್ತಲೇ ಬಂದ. ಮಳೆ ಬಿಡಲಿ ಅಮ್ಮ, ಕಾಪುವಿಗೆ ಹೋಗುವ, ದೀಪಸ್ತಂಭದ ಹತ್ತಿರ ಕೂರುವ, ಮಾವನ ದೋಣಿ ಬರುವುದನ್ನು ನೋಡುವ. ಅಮ್ಮ ಬಾಗಿಲಿಗೆ ಆನಿಸಿದ ತಲೆ ಎತ್ತಲಿಲ್ಲ. ನಿದ್ದೆ ಎಂದುಕೊಂಡ. ಬಾವಿಯ ತಿರುವು ಬಂತು. ಅಮ್ಮ ನೀರು ಕೇಳಲಿಲ್ಲ. ಇಲ್ಲ ಎನ್ನುವ ಸಂಕಟ ಇವತ್ತೊಂದು ದಿನ ತಪ್ಪಿತಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು. ಅಂಗಳದಲ್ಲಿ ಕಾರು ನಿಲ್ಲಿಸಿದ. ಟಕ್ ಎಂಬ ಸದ್ದಿಗೆ ಕಾದ.

ಬರಲಿಲ್ಲ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ಹಿಂದಿನ ರಾತ್ರಿ ಸತ್ತವರನ್ನು ಮನೆಯೊಳಗೆ ಕರೆಯುವ ಕ್ರಮ ಉಂಟಲ್ಲ ನಮ್ಮಲ್ಲಿ. ಸೋದರಮಾವ ಚೆನ್ನಪ್ಪಣ್ಣ ಕಾಪುವಿನಿಂದ ಬಂದಿದ್ದರು. "ಎಲ್ಲ ಬಾಗಿಲು ತೆರೆಯಿರಿ, ಒಂದೂ ಮುಚ್ಚಿರಬಾರದು" ಎಂದರು. ಚಾವಡಿ, ಅಡುಗೆಮನೆ, ಬಚ್ಚಲು, ಕೋಳಿಗೂಡಿನ ಬಾಗಿಲೂ ತೆರೆಯಿತು. ಅಂಗಳದಲ್ಲಿ ನಿಂತು ಕರೆದರು. ಕಾರಿನ ಮುಖ ನೋಡಲಾರದೆ ಯೋಗೀಶ ಅದನ್ನು ಮನೆಯ ಹಿಂದೆ ನಿಲ್ಲಿಸಿ, ಬೀಗ ಹಾಕಿ, ಟಾರ್ಪಾಲು ಹೊದೆಸಿದ್ದ. ಕಾರಿಗೂ ಬಾಗಿಲು ಉಂಟೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅತ್ತೆಗೆಂದು ಬಡಿಸಿದ ಎಲೆಯ ಬದಿಯಲ್ಲಿ ಕಾವ್ಯ, ಕೈಗೆ ರೂಢಿಯಾಗಿ, ಆ ಚಿಕ್ಕ ಲೋಟವನ್ನೇ ಇಟ್ಟಳು.

ಆಮೇಲೆ ಕಾರು ಮತ್ತೆ ಬಾಡಿಗೆಗೆ ಇಳಿಯಿತು. ಹೊಟ್ಟೆ ಕೇಳಬೇಕಲ್ಲ. ಆದರೆ ಮುಂದಿನ ಎಡಬಾಗಿಲನ್ನು ಯೋಗೀಶ ಯಾರಿಗೂ ತೆರೆಯಲಿಲ್ಲ. "ಹಿಂದೆ ಕೂರಿ" ಎನ್ನುವನು. ಹಿಂದೆ ಹಿಡಿಸದಷ್ಟು ಜನ ಬಂದರೆ ಆ ಬಾಡಿಗೆಯೇ ಬೇಡ. ಸ್ಟ್ಯಾಂಡಿನವರು "ಕಲೆಕ್ಟರ್ ಸಾಹೇಬರ ಗಾಡಿ" ಎಂದು ನಕ್ಕರು. ಟೈರು ಸವೆಯಲು ಶುರುವಾದದ್ದು ಆಗಲೇ.

ಬಾವಿಯ ತಿರುವಿನಲ್ಲಿ ಟೈರು ಒಡೆದ ಮರುದಿನ ಬೇರೆಯವರ ಚಕ್ರ ಕೇಳಿ ತಂದು ಹಾಕಿಕೊಂಡು ಕಾರ್ಕಳಕ್ಕೆ ಹೋದ. ಅಲ್ಲಿ ಮೇಬಲ್ ಬಾಯಮ್ಮನ ಟೈರಿನ ಅಂಗಡಿ. ಗಂಡ ಮಸ್ಕತ್ತಿನಲ್ಲಿ, ಅಂಗಡಿಯೂ ಬಾಯಿಯೂ ಇವರದ್ದೇ.

"ಬಂದೆಯಾ ಮಾರಾಯ? ನಿನಗೆ ಇಲ್ಲೇ ಒಂದು ಚಾಪೆ ಹಾಕಿ ಕೊಡಲಾ?"

ಒಡೆದ ಟೈರನ್ನು ಉರುಳಿಸಿ ನೋಡಿದರು. ಹೊರಗಿನಿಂದ ಅದು ಹೊಸದೇ, ಗೆರೆಗಳೆಲ್ಲ ಆಳವಾಗಿದ್ದವು. ತಿರುಗಿಸಿ ಒಳಗಿನ ಅಂಚು ನೋಡಿದರೆ ಬೋಳು. ತಂತಿ ಎದ್ದಿತ್ತು.

"ಗಾಳಿ ಕಮ್ಮಿ ಇದ್ದರೆ ಎರಡೂ ಅಂಚು ಸವೆಯಬೇಕು, ಜಾಸ್ತಿ ಇದ್ದರೆ ನಡು ಸವೆಯಬೇಕು. ಇದು ಬರೀ ಒಳಗಿನ ಅಂಚು. ಚಕ್ರ ಒಳಕ್ಕೆ ವಾಲಿಕೊಂಡು ಓಡುತ್ತಾ ಉಂಟು. ಹೊಂಡಕ್ಕೆ ಹಾಕ್ತೀಯಾ?"

"ಇಲ್ಲ ಬಾಯಮ್ಮ."

"ಹೆಂಡತಿಯ ಮೇಲಿನ ಸಿಟ್ಟನ್ನು ರಸ್ತೆಯ ಮೇಲೆ ತೀರಿಸ್ತೀಯಾ?"

ಬಾಯಮ್ಮನಿಗೂ ತಲೆ ಕೆಟ್ಟಿತ್ತು. ಬಾಲ್ ಜಾಯಿಂಟ್ ತಪ್ಪು ಎಂದು ಅದನ್ನು ಬದಲಿಸಿದ್ದರು. ಆಮೇಲೆ ಶಾಕ್ ಅಬ್ಸಾರ್ಬರ್ ತಪ್ಪು ಎಂದಿದ್ದರು. ಬಲಗಡೆಯ ಒಳ್ಳೆಯ ಟೈರನ್ನು ಎಡಕ್ಕೆ ಹಾಕಿಯೂ ನೋಡಿದ್ದರು. ಎಡಕ್ಕೆ ಬಂದ ಮೇಲೆ ಅದೂ ಬೋಳಾಯಿತು. ಎಡದಿಂದ ಬಲಕ್ಕೆ ಹೋದದ್ದು ಅಲ್ಲಿಂದ ಮುಂದೆ ಸವೆಯಲಿಲ್ಲ. ತಪ್ಪು ಟೈರಿನದ್ದಲ್ಲ, ಜಾಗದ್ದು.

ಕಾರನ್ನು ಚಕ್ರದ ಓರೆ ಅಳೆಯುವ ಅಲೈನ್‌ಮೆಂಟ್ ಯಂತ್ರಕ್ಕೆ ಏರಿಸಿದರು. ಪರದೆಯಲ್ಲಿ ಎಲ್ಲ ಹಸಿರು. "ನನ್ನ ಮರ್ಯಾದೆ ತೆಗೆಯಲಿಕ್ಕೇ ಹುಟ್ಟಿದ ಕಾರು ಇದು" ಎಂದು ಇಳಿಸಿ, ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ಅಳೆದರು. ಬಲಕ್ಕೆ ನಾಲ್ಕು ಬೆರಳು. ಎಡಕ್ಕೂ ನಾಲ್ಕು.

"ಸ್ಟೇರಿಂಗಿಗೆ ಕೂತುಕೋ, ನೋಡುವ."

ಯೋಗೀಶ ಕೂತ. ಕೆಳಗೆಲ್ಲೋ... ಕ್ರೀಂಯ್... ಸ್ಪ್ರಿಂಗ್ ಕುಸಿದ ಸದ್ದು.

ಬಾಯಮ್ಮ ಬಲಗಡೆ ಬೆರಳಿಟ್ಟರು. ಮೊದಲಿನ ಹಾಗೇ ನಾಲ್ಕು. ಎಡಗಡೆಗೆ ಬಂದು ಇಟ್ಟರು. ಎರಡೇ ಹಿಡಿಯಿತು.

"ಇಳಿ."

ಇಳಿದ. ಕ್ರೀಂಯ್... ಎಡಗಡೆ ಮೇಲೆದ್ದಿತು.

"ಮತ್ತೆ ಕೂತುಕೋ."

ಕ್ರೀಂಯ್... ಎರಡು ಬೆರಳು.

ಬಾಯಮ್ಮನ ದನಿ ಇಳಿಯಿತು. "ಡ್ರೈವರ್ ಕೂತರೆ ಬಲಗಡೆ ತಗ್ಗಬೇಕು ಮಗಾ... ನಿನ್ನದು ಎಡಗಡೆ ತಗ್ಗುತ್ತದೆ."

ಯೋಗೀಶ ಮುಂದೆ ನೋಡುತ್ತಾ ಕೂತಿದ್ದ.

"ಖಾಲಿ ಕಾರಿನಲ್ಲಿ ಎಲ್ಲ ಸರಿ ಉಂಟು. ನೀನು ಓಡಿಸುವಾಗ... ಅದು ಖಾಲಿ ಇಲ್ಲ." ಕಿಟಕಿಗೆ ಬಗ್ಗಿ, ಇನ್ನೂ ಸಣ್ಣಗೆ ಕೇಳಿದರು. "ಆ ಸೀಟಿನಲ್ಲಿ ಯಾರು ಕೂರುವುದು?"

"ಯಾರೂ ಇಲ್ಲ."

"ಮೊದಲು?"

"ಅಮ್ಮ."

ಬಾಯಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿದರು. "ಭಾರ ಇದ್ದರಾ?"

"ಎಲ್ಲಿಯ ಭಾರ ಬಾಯಮ್ಮ... ಎತ್ತಿ ಕೂರಿಸುವಾಗ ಒಂದು ಕೊಡ ನೀರಿನಷ್ಟೂ ಇರಲಿಲ್ಲ."

ಎಡಬಾಗಿಲಿನ ಹಿಡಿಗೆ ಕೈ ಚಾಚಿದ ಬಾಯಮ್ಮ ಕೈ ಹಿಂದೆ ತೆಗೆದುಕೊಂಡರು. "ಇದನ್ನು ತೆರೆಯಬೇಕಾದವಳು ನಾನಲ್ಲ. ಇಲ್ಲಿಯೂ ಅಲ್ಲ. ಮನೆಗೆ ಕರೆದುಕೊಂಡು ಹೋಗು."

ಬಾವಿಯ ತಿರುವಿನಲ್ಲಿ ಯೋಗೀಶ ಕಾರು ನಿಲ್ಲಿಸಿದ. ಕಿರ್... ಕಿರ್... ರಾಟೆ ಎಳೆದು ಕ್ಯಾನ್ ತುಂಬಾ ನೀರು ತುಂಬಿಸಿಕೊಂಡ. ಅಂಗಳ ಮುಟ್ಟುವಾಗ ಮಬ್ಬುಗತ್ತಲೆ. ಇಂಜಿನ್ ನಿಲ್ಲಿಸಿದ. ಕಾದ.

ಟಕ್.

"ನಿಲ್ಲಮ್ಮ... ಬಂದೆ."

ಇಳಿದ. ಈ ಸಲ ಸ್ಪ್ರಿಂಗ್ ಮೇಲೇಳಲಿಲ್ಲ. ಸುತ್ತು ಬಂದು, ಅಷ್ಟು ಕಾಲ ತೆರೆಯದ ಬಾಗಿಲನ್ನು ಎಳೆದ. ಕಬ್ಬಿಣ ಕರ್ ಎಂದಿತು. ಒಳಗೆ ಯಾರೂ ಕಾಣಲಿಲ್ಲ. ಅವನು ಯಾವಾಗಲೂ ಕೊಡುತ್ತಿದ್ದ ಹಾಗೆ ಕೈ ಕೊಟ್ಟ.

"ಬಾ ಅಮ್ಮ. ಮನೆ ಬಂತು."

ಕ್ರೀಂಯ್...

ಕಾರಿನ ಎಡಗಡೆ ನಿಧಾನಕ್ಕೆ ಮೇಲೆದ್ದಿತು.

ಚಾವಡಿಯಲ್ಲಿ ನಿಂತಿದ್ದ ಕಾವ್ಯ ಕಣ್ಣಾರೆ ನೋಡಿದ್ದಾಳೆ. ಅವನು ಮೊಣಕೈ ಮಡಚಿ, ಯಾರೋ ಆನಿಕೊಂಡವರ ಹಾಗೆ ಒಂದು ಬದಿಗೆ ಬಾಗಿ, ಒಂದೊಂದೇ ಹೆಜ್ಜೆ ಇಡುತ್ತಾ ಬಂದ. ತುಟಿ ಅಲ್ಲಾಡುತ್ತಿತ್ತು. "ಗೊತ್ತಾಗಲಿಲ್ಲ ಅಮ್ಮ... ನಾನು ಮಾತಾಡುತ್ತಲೇ ಇದ್ದೆ... ಗೊತ್ತಾಗಲಿಲ್ಲ."

ಕಾವ್ಯ ದಾರಿ ಬಿಟ್ಟು ಸರಿದಳು. ಮನೆಯ ಎಲ್ಲ ಬಾಗಿಲು ತೆರೆದಳು. ಚಿಕ್ಕ ಲೋಟವನ್ನು ಒಳಗಿಟ್ಟು ದೊಡ್ಡ ಹಿತ್ತಾಳೆಯ ಚೆಂಬು ತಂದಳು. ಬಾವಿಯ ನೀರನ್ನು ಕಂಠದವರೆಗೆ ತುಂಬಿಸಿ, ತಟ್ಟೆ ಮುಚ್ಚಿ, ಅತ್ತೆ ಕೂರುತ್ತಿದ್ದ ಮಣೆಯ ಬದಿಯಲ್ಲಿಟ್ಟಳು.

ಸ್ವಲ್ಪ ದಿನ ಕಳೆದು ಯೋಗೀಶ ಕಾರ್ಕಳಕ್ಕೆ ಹೋದ. ಮೇಬಲ್ ಬಾಯಮ್ಮ ಅವನನ್ನು ಸ್ಟೇರಿಂಗಿಗೆ ಕೂರಿಸಿ ಬೆರಳಿಟ್ಟು ನೋಡಿದರು. ಬಲಕ್ಕೆ ಮೂರು, ಎಡಕ್ಕೆ ನಾಲ್ಕು. ಎಲ್ಲರ ಕಾರಿನ ಹಾಗೆ.

"ಸರಿಯಾಯಿತು ಮಾರಾಯ! ಮತ್ತೆ ಎಂತಕ್ಕೆ ಅಳುವುದು?"

"ಎಡಗಡೆ ಯಾರೂ ಇಲ್ಲ ಬಾಯಮ್ಮ..." ಎಂದ. ಇಳಿಯದೆ ತುಂಬಾ ಹೊತ್ತು ಅಲ್ಲೇ ಕೂತಿದ್ದನಂತೆ. ಈಗಲೂ ಮಣಿಪಾಲದ ಬಾಡಿಗೆ ಬಂದರೆ ಅವನು ಹೋಗುವುದಿಲ್ಲ.

ಸ್ಪ್ರಿಂಗ್ ತುಕ್ಕು ಹಿಡಿದಿರಬೇಕು ಎಂದು ನನ್ನ ಗಂಡ ಹೇಳುತ್ತಾರೆ. ಅವರಿಗೆ ಸೈಕಲ್ಲಿಗೆ ಗಾಳಿ ಹಾಕಲಿಕ್ಕೂ ಬರುವುದಿಲ್ಲ, ಬಿಡಿ. ಆದರೆ ಆ ಚೆಂಬು ಇಟ್ಟ ಮರುದಿನ ಬೆಳಿಗ್ಗೆ ಕಾವ್ಯ ಬೇಲಿಯಾಚೆಯಿಂದ ಕರೆದಾಗ ಹೋಗಿ ನೋಡಿದವಳು ನಾನು. ತಟ್ಟೆ ಮುಚ್ಚಿದ ಹಾಗೇ ಇತ್ತು. ನೆಲ ಒಣಗಿತ್ತು. ನಾನೇ ಈ ಕೈಯಿಂದ ಚೆಂಬನ್ನು ಎತ್ತಿ ಬೋರಲು ಹಿಡಿದೆ.

ಒಂದು ಹನಿಯೂ ಬೀಳಲಿಲ್ಲ.