ಹಿಂದೆ ಕೂರುವವರ ಹೆಲ್ಮೆಟ್ಟು

ಮದ್ದೂರಿನ ಹೆಲ್ಮೆಟ್ ಅಂಗಡಿಯಲ್ಲಿ ನನ್ನ ಹೆಲ್ಮೆಟ್ಟಿನ ಒಡೆದ ಗ್ಲಾಸು ಬದಲಾಯಿಸಿಕೊಳ್ಳಲು ಕಾಯುತ್ತಿದ್ದೆ. ಹೊರಗೆ ನಿಂತಿದ್ದ ಹೊಸ ಬೈಕಿನ ಮೇಲೆ ಪೂಜೆಯ ಹಾರ ಇನ್ನೂ ಬಾಡಿರಲಿಲ್ಲ. ಅದರಲ್ಲಿ ಬಂದಿದ್ದವರು ಮದುವೆ ಗೊತ್ತಾದ ಗಂಡು, ಜೊತೆಗೆ ಹೆಣ್ಣಿನ ತಮ್ಮ. ಗಂಡಿನ ಕೈಯಲ್ಲಿ ಮುಂದಕ್ಕೆ ಕೊಕ್ಕು ಚಾಚಿದ ದೊಡ್ಡ ಹೆಲ್ಮೆಟ್ಟಿತ್ತು.

“ಇದೇ ಇರ್ಲಿ. ಟಾರ್ ರೋಡ್ಗೂ ಆಯ್ತದೆ, ಕಾಡು ಬೆಟ್ಟಕ್ಕೂ ಆಯ್ತದೆ.”

“ನೀವು ಓಡಾಡೋದು ಮಳವಳ್ಳಿಯಿಂದ ಮದ್ದೂರ್ಗೆ. ನಡುವೆ ಯಾವ ಬೆಟ್ಟ ಅತ್ತೀರಿ ಭಾವ?”

“ಬೈಕೂ ಹೆಲ್ಮೆಟ್ಟೂ ಕೊಡುಸ್ತೀವಿ ಅಂತ ನಿಮ್ಮಪ್ಪ ಒಪ್ಕೊಂಡವ್ರೆ. ಮಾತಾಗಿರೋದ್ಕೆ ನೀನ್ಯಾಕೆ ಕ್ಯಾತೆ ತೆಗೀತೀಯ?”

“ಸರಿ. ನಮ್ಮಕ್ಕಂಗೆ?”

ಕಿವಿಯವರೆಗೂ ಬಾರದ ಟೋಪಿ ಹೆಲ್ಮೆಟ್ಟೊಂದನ್ನು ಗಂಡು ಗೂಟದಿಂದ ತೆಗೆದ.

“ಇಂದ್ಗಡೆ ಕೂರೋಳ್ಗೆ ಇದು ಸಾಕು ಬುಡು. ಪೊಲೀಸ್ನೋರು ಇಡೀದಿದ್ರೆ ಆಯ್ತು.”

“ಬಿದ್ರೆ?”

“ಬೀಳ್ಸಕ್ಕೇ ಕರ್ಕೊಂಡೋಯ್ತೀನಿ ಅನ್ನಂಗೆ ಮಾತಾಡ್ತೀಯಲ್ಲ.”

ಹೆಣ್ಣಿನ ತಮ್ಮ ಕೊಕ್ಕಿನ ಹೆಲ್ಮೆಟ್ಟನ್ನು ಗಂಡಿನ ಕೈಯಿಂದ ಕಿತ್ತುಕೊಂಡು ತನ್ನ ತಲೆಗೆ ಹಾಕಿ ಪಟ್ಟಿ ಬಿಗಿದ.

“ಲೇ, ಅದು ನಂದು.”

“ಅಳ್ತೆ ನೋಡ್ತಿವ್ನಿ. ನಮ್ಮಕ್ಕನ ತಲೆನೂ ನನ್ ತಲೆನೂ ಒಂದೇ ಸೈಜು.”

“ಮತ್ತೆ ನಂಗೆ?”

“ಬೈಕ್ ಕೊಡೋದು ಮಾತಾಗಿದೆ. ಓಡ್ಸೋರು ಯಾರು ಅಂತ ಮಾತಾಗಿಲ್ಲ. ಅಕ್ಕ ಓಡುಸ್ತಾಳೆ. ಇಂದ್ಗಡೆ ಕೂರೋರ್ಗೆ ಯಾವ್ದು ಸಾಕು ಅಂತ ನೀವೇ ಏಳಿದ್ರಲ್ಲ.”

ಎರಡಕ್ಕೂ ದುಡ್ಡು ಕೊಟ್ಟು ತಮ್ಮ ಹೊರಗೆ ಹೋದ. ಬೈಕಿನ ಕೀ ಇನ್ನೂ ಅವನ ಹತ್ತಿರವೇ ಇತ್ತು. ಸ್ಟಾರ್ಟ್ ಮಾಡಿಕೊಂಡು ಕಾದ. ಗಂಡು ಬಸ್ ಸ್ಟ್ಯಾಂಡಿನ ಕಡೆ ಒಮ್ಮೆ ನೋಡಿದ. ಆಮೇಲೆ ಟೋಪಿ ಹಾಕಿಕೊಂಡು ಹಿಂದೆ ಕೂತ.